ಯಾರ ಮೇಲೆ ಗೆದ್ದಿದ್ದು?

“ಗೆದ್ದಿದ್ದು ನಿಜ ಕಣೇ. ನಾನೇನು ಇಲ್ಲ ಅಂದ್ನಾ? ಯಾರ ಮೇಲೆ ಗೆದ್ದಿದ್ದು, ಅದನ್ನ ಹೇಳು,” ಎಂದ ದುರುಗೇಶ.

ಬಿಸಿಯೂಟ ಮುಗಿಸಿ ತಟ್ಟೆ ತೊಳೆಯಲು ನಲ್ಲಿಯ ಮುಂದೆ ನಿಂತಿದ್ದ ಮಕ್ಕಳೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಜಗಳ ಅಂದರೆ ಯಾರಿಗೆ ಬೇಡ? ಗಂಗಲಕ್ಷ್ಮಿಗೆ ಮಾತ್ರ ಬೇಡವಾಗಿತ್ತು. ಅವಳೂ ದುರುಗೇಶನೂ ಆರನೇ ಕ್ಲಾಸು. ಮಾತು ನಡೆಯುತ್ತಿದ್ದುದು ಅವಳ ಅಪ್ಪನ ಬಗ್ಗೆ.

ಇದಕ್ಕೆಲ್ಲ ಕಾರಣ ಆ ಬುಧವಾರ ಬೆಳಿಗ್ಗೆ ಶಾಲೆಯ ಗೇಟಿಗೆ ಕಟ್ಟಿದ್ದ ಫ್ಲೆಕ್ಸು. ಅದರಲ್ಲಿ ಚಿಗುರು ಮೀಸೆಯ ಸಣಕಲ ಹುಡುಗನೊಬ್ಬ ಕೆಂಪು ಗ್ಲೌಸ್ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಬಾಕ್ಸಿಂಗ್ ಚಾಂಪಿಯನ್ ಚಂದ್ರಣ್ಣ. ಒಂಬತ್ತು ಫೈಟು, ಒಂಬತ್ತು ಗೆಲುವು. ದೇವಸಮುದ್ರದ ಹುಲಿಗೆ ಶನಿವಾರ ಸನ್ಮಾನ’ ಎಂದಿತ್ತು. ಈಗ ಆ ಹುಲಿ ಊರಾಚೆ ಅರವತ್ತು ಕುರಿ ಮೇಯಿಸಿಕೊಂಡಿದೆ. ಇಪ್ಪತ್ತೆರಡು ವರ್ಷದ ಹಿಂದೆ ಅದು ಜಿಲ್ಲೆಗೇ ಚಾಂಪಿಯನ್ ಆಗಿತ್ತು ಎನ್ನುವುದು ಹಳೇ ವಿದ್ಯಾರ್ಥಿಗಳ ಸಂಘದವರಿಗೆ ಈಗ ನೆನಪಾಗಿತ್ತು.

“ನಮ್ಮಪ್ಪ ಒಂಬತ್ತು ಜನದ ಮೇಲೆ ಗೆದ್ದೈತೆ,” ಎಂದಳು ಗಂಗಲಕ್ಷ್ಮಿ.

“ಎಂಥ ಒಂಬತ್ತು ಜನ? ಅದ್ರಲ್ಲಿ ಎಂಟು ಜನ ಮೊದಲ್ನೇ ಸಲ ಗ್ಲೌಸ್ ಹಾಕ್ಕೊಂಡೋರಂತೆ. ನಮ್ಮಪ್ಪ ಚಳ್ಳಕೆರೇಲಿ ಕಣ್ಣಾರೆ ನೋಡೈತೆ. ಒಬ್ಬ ಎಡಗೈದು ಬಲಗೈಗೆ ಹಾಕ್ಕೊಂಡು ಬಂದಿದ್ನಂತೆ.”

ಮಕ್ಕಳು ಕಿಸಕ್ಕನೆ ನಕ್ಕರು.

“ಗೆಲುವು ಗೆಲುವೇ ಕಣೋ,” ಎಂದು ಗಂಗಲಕ್ಷ್ಮಿಯ ಗೆಳತಿ ಪಾಲಮ್ಮ ಮುಂದೆ ಬಂದಳು. “ಎದುರಿಗೆ ಯಾರು ಬರ್ತಾರೋ ಅವರ ಜೊತೆ ಆಡಬೇಕು. ಚಂದ್ರಣ್ಣ ಮಾಮ ಹೋಗಿ, ಇನ್ನೂ ಸ್ವಲ್ಪ ಗಟ್ಟಿ ಇರೋನ್ನ ಕಳಿಸ್ರಪ್ಪ ಅಂತ ಕೇಳಬೇಕಿತ್ತಾ?”

“ಹಂಗಾದ್ರೆ ನಾವು ಎರಡನೇ ಕ್ಲಾಸಿನೋರ ಜೊತೆ ಕಬಡ್ಡಿ ಆಡಿ ಕಪ್ ತಗಳಾಣ ಬಾ. ನಾವೂ ಹುಲಿಗಳೇ.”

“ಎಂಟು ಜನದ್ದು ಆಯ್ತು. ಒಂಬತ್ತನೇಯೋರು?” ಎಂದು ಯಾರೋ ಕೇಳಿದರು.

ದುರುಗೇಶ ದನಿ ಇಳಿಸಿದ. ಅವನು ದನಿ ಇಳಿಸಿದರೆ ಎಲ್ಲರೂ ಹತ್ತಿರ ಸರಿಯಲೇಬೇಕು.

“ಅವರೊಬ್ರೇ ನಿಜವಾದ ಬಾಕ್ಸರ್. ಕ್ಯಾತಪ್ಪ. ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಇದಾರಲ್ಲ, ಅವರೇ. ಅವರ ಮುಂದೆ ಯಾರೂ ನಿಲ್ತಿರಲಿಲ್ವಂತೆ. ಆದ್ರೆ ಫೈನಲ್ ದಿನ ಅವರಿಗೇ ನೆಟ್ಟಗೆ ನಿಲ್ಲಕ್ಕೆ ಆಗಲಿಲ್ಲ. ಎರಡನೇ ರೌಂಡಿಗೇ ಬಿದ್ದೋದ್ರು. ಅವರಿಗೆ ಏನೋ ಕುಡಿಸಿದ್ರು ಅಂತ ಆಗ ಎಲ್ಲಾರೂ ಮಾತಾಡ್ತಿದ್ರಂತೆ.”

“ಯಾರು ಕುಡಿಸಿದ್ದು?”

“ಅದು ನಂಗೇನು ಗೊತ್ತು? ಗೆದ್ದೋರನ್ನ ಕೇಳಬೇಕು.”

ಗಂಗಲಕ್ಷ್ಮಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದಳು. ಪಾಲಮ್ಮ ಅವಳ ಪರವಾಗಿ ದುರುಗೇಶನಿಗೆ ನೀರು ಎರಚಿದಳು. ಬೆಲ್ ಹೊಡೆಯಿತು.

ಮಧ್ಯಾಹ್ನ ಶಾಂತಕುಮಾರಿ ಮಿಸ್ ಕ್ಲಾಸಿಗೆ ಬಂದವರೇ, “ಚಂದ್ರಣ್ಣನವರ ಜೊತೆ ಫೈನಲ್ ಆಡಿದ ಕ್ಯಾತಪ್ಪ ಅವರನ್ನೂ ಶನಿವಾರ ಕರೆದಿದ್ದೀವಿ. ಕೊನೆಯಲ್ಲಿ ಅರ್ಧ ಗಂಟೆ ನಿಮ್ಮದು. ಏನು ಬೇಕಾದರೂ ಪ್ರಶ್ನೆ ಕೇಳಬಹುದು,” ಎಂದರು. ಪಾಪ, ಮಿಸ್‌ಗೆ ನಲ್ಲಿಯ ಹತ್ತಿರ ನಡೆದದ್ದು ಗೊತ್ತಿರಲಿಲ್ಲ. ದುರುಗೇಶ ಹಿಂದಿನ ಬೆಂಚಿನಿಂದಲೇ ಗಂಗಲಕ್ಷ್ಮಿಯ ಜಡೆ ಮುಟ್ಟಿ, “ನಾನು ಕೇಳ್ತೀನಿ,” ಎಂದು ಪಿಸುಗುಟ್ಟಿದ.

ಅವತ್ತು ಸಂಜೆ ಅಪ್ಪ ರೊಪ್ಪದಲ್ಲಿ ಕುರಿ ಕೂಡಿ, ಕೈಕಾಲು ತೊಳೆದು ಮುದ್ದೆಗೆ ಕೂತ. ಅವ್ವ ಬೊಮ್ಮಕ್ಕ ಸಾರು ಬಡಿಸುತ್ತ, “ಅಂಗಿ ಇಸ್ತ್ರಿಗೆ ಕೊಟ್ಟಿದೀನಿ. ಶನಿವಾರ ಬೆಳಿಗ್ಗೆ ಗಡ್ಡ ಮಾಡಿಸ್ಕೋ,” ಎಂದಳು. ಅಪ್ಪ ಹೂಂ ಎಂದ.

ಗಂಗಲಕ್ಷ್ಮಿ ಅಪ್ಪನ ಕೈ ನೋಡುತ್ತಿದ್ದಳು. ಜಗಳಕ್ಕೆ ಬಿದ್ದ ಟಗರಿನ ಕೊಂಬು ಹಿಡಿದು ನಿಲ್ಲಿಸುವ ಕೈ ಅದು. ಒಂದು ಸಲ ತೋಳ ಬಂದಾಗ ಬರೀ ಕೋಲು ಹಿಡಿದು ಓಡಿಸಿದ್ದ. ಅಂಥ ಅಪ್ಪ ಯಾರಿಗಾದರೂ ಏನಾದರೂ ಕುಡಿಸುತ್ತಾನೆಯೇ? ಇಲ್ಲ ಎಂದು ಮನಸ್ಸು ಹೇಳಿತು. ಕುಡಿಸಿದ್ದರೆ ಎಂದೂ ಅದೇ ಮನಸ್ಸು ಕೇಳಿತು.

“ಅಪ್ಪ, ಕ್ಯಾತಪ್ಪ ಅನ್ನೋರು ಚೆನ್ನಾಗಿ ಆಡ್ತಿದ್ರಾ?”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

“ಅವರ ವಿಷಯ ಯಾರು ಹೇಳಿದ್ದು ನಿಂಗೆ?”

“ಮಿಸ್ ಹೇಳಿದ್ರು. ಅವರೂ ಬರ್ತಾರಂತೆ, ಶನಿವಾರ.”

ಅಪ್ಪ ಅರ್ಧ ಮುದ್ದೆ ಹಾಗೇ ಬಿಟ್ಟು ಎದ್ದು ಕೈ ತೊಳೆದು ರೊಪ್ಪದ ಕಡೆ ಹೋದ. ಅಪ್ಪ ಮುದ್ದೆ ಬಿಟ್ಟದ್ದನ್ನು ಗಂಗಲಕ್ಷ್ಮಿ ಹಿಂದೆಂದೂ ನೋಡಿರಲಿಲ್ಲ. ಅವಳಿಗೆ ಈಗ ನಿಜವಾಗಿಯೂ ಭಯವಾಯಿತು. ಏನೂ ಇಲ್ಲದಿದ್ದರೆ ಅಪ್ಪ ಯಾಕೆ ಎದ್ದು ಹೋಗಬೇಕು?

ಗುರುವಾರ ಅವಳು ಎರಡು ಲೆಕ್ಕ ತಪ್ಪು ಮಾಡಿದಳು. ಶುಕ್ರವಾರ ಹಾಜರಿ ಕೂಗಿದಾಗ ಪಾಲಮ್ಮನ ಹೆಸರಿಗೆ ಎಸ್ ಮಿಸ್ ಎಂದಳು. ಕಣ್ಣು ಮುಚ್ಚಿದರೆ ಸಾಕು, ದುರುಗೇಶ ಎದ್ದು ನಿಲ್ಲುತ್ತಿದ್ದ. ಇಡೀ ಶಾಲೆ ಅಪ್ಪನ ಕಡೆ ನೋಡುತ್ತಿತ್ತು. ಅಪ್ಪ ತಲೆ ತಗ್ಗಿಸುತ್ತಿದ್ದ. ಅಲ್ಲಿಂದ ಮುಂದಕ್ಕೆ ಯೋಚಿಸಲು ಅವಳಿಗೆ ಆಗುತ್ತಿರಲಿಲ್ಲ.

ಕ್ಯಾತಪ್ಪನೇ ಬರದಿದ್ದರೆ? ಆಗ ದುರುಗೇಶ ಕೇಳಿದರೂ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ. ಈ ಉಪಾಯ ಹೊಳೆದದ್ದೇ ತಡ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವಳು ಮನೆಗೆ ಹೋಗದೆ ಬಸ್‌ಸ್ಟ್ಯಾಂಡಿಗೆ ಹೋದಳು.

ಚಳ್ಳಕೆರೆ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಡ್ರೈವರ್ ಇಳಿದು ಟೀ ಅಂಗಡಿಗೆ ಹೋದ. ಅಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುವುದು ವಾಡಿಕೆ. ಕಂಡಕ್ಟರ್ ಕ್ಯಾತಪ್ಪ ಬಾಗಿಲಲ್ಲಿ ನಿಂತು, ಆಂಧ್ರದ ಕಡೆಯ ಒಬ್ಬ ಅಜ್ಜಿಯ ಮೂಟೆ ಎತ್ತಿಕೊಂಡು, “ರಾಮ್ಮಾ, ಎಕ್ಕು, ಎಕ್ಕು,” ಎಂದು ಹತ್ತಿಸುತ್ತಿದ್ದ. ಅಗಲ ಭುಜ, ನರೆತ ಮೀಸೆ. ಗಂಗಲಕ್ಷ್ಮಿ ಈ ಮನುಷ್ಯನ ಹತ್ತಿರ ಎಷ್ಟು ಸಲ ಟಿಕೆಟ್ ತೆಗೆದುಕೊಂಡಿದ್ದಳೋ ಏನೋ. ಇವತ್ತು ಅಜ್ಜಿ ಹತ್ತಿ ಕೂರುವವರೆಗೂ ಕೆಳಗೇ ನಿಂತಳು.

ಹೇಗೋ ಹತ್ತಿದಳು. ಹತ್ತಿ, “ಮಾಮ,” ಎಂದಳು. ಅವನು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದಳು. ಆಗಲೂ ಇಲ್ಲ. ಮುಂದೆ ಕೂತಿದ್ದ ಅಜ್ಜಿ ಅವನ ತೋಳು ತಟ್ಟಿ ತೋರಿಸಿದಳು.

“ಈ ಕಡೆ ಬಾರವ್ವ,” ಎಂದು ಅವನು ಅವಳನ್ನು ಬಲಗಡೆಗೆ ಕರೆದುಕೊಂಡ. “ಆ ಕಿವಿ ಕೇಳಲ್ಲ. ಎಲ್ಲಿಗೆ ಟಿಕೆಟ್ಟು?”

“ಟಿಕೆಟ್ ಬೇಡ. ನಾನು ಚಂದ್ರಣ್ಣನ ಮಗಳು.”

ಕ್ಯಾತಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಸೀಟಿನಲ್ಲಿ ಕೂತು, ಪಕ್ಕದಲ್ಲಿ ಜಾಗ ಮಾಡಿದ. ಬೈಯುತ್ತಾನೆ ಎಂದುಕೊಂಡಿದ್ದ ಗಂಗಲಕ್ಷ್ಮಿ ಸೀಟಿನ ತುದಿಯಲ್ಲಿ ಕೂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗದೆ, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟಳು.

“ಅವತ್ತು ನಮ್ಮಪ್ಪ ನಿಮಗೆ ಏನಾದ್ರೂ ಕುಡಿಸಿತ್ತಾ?”

“ಕುಡಿಸೋದಾ?” ಕ್ಯಾತಪ್ಪ ನಕ್ಕ. ನಗುವಿನಲ್ಲಿ ಅಂಥ ಖುಷಿಯೇನೂ ಇರಲಿಲ್ಲ. “ಕುಡಿಸಿದ್ರೆ ಎಷ್ಟೋ ಚೆನ್ನಾಗಿರೋದು. ಅವತ್ತು ನನ್ನ ಹೊಟ್ಟೇಲಿ ಒಂದು ತೊಟ್ಟು ನೀರಿರಲಿಲ್ಲ ಕಣವ್ವ.”

ಅವನು ಹೇಳಿದ್ದು ಇಷ್ಟು. ಬಾಕ್ಸಿಂಗ್‌ನಲ್ಲಿ ತೂಕದ ಮೇಲೆ ಗುಂಪು. ಅವರಿಬ್ಬರದೂ ಐವತ್ತೊಂದು ಕೇಜಿಯ ಗುಂಪು. ಕ್ಯಾತಪ್ಪ ಊರಲ್ಲೇ ತೂಕ ನೋಡಿಕೊಂಡಿದ್ದ. ಹೇಗೆ ಅಂದರೆ, ಕುರಿ ವ್ಯಾಪಾರಿಯೊಬ್ಬ ಹುಣಸೆ ಮರಕ್ಕೆ ಕುರಿ ತೂಗುವ ತಕ್ಕಡಿ ಕಟ್ಟಿದ್ದ, ಅದರ ಕೊಕ್ಕೆ ಹಿಡಿದು ಜೋತುಬಿದ್ದು. ಮುಳ್ಳು ಐವತ್ತೊಂದು ತೋರಿಸಿತು. ಆ ಖುಷಿಯಲ್ಲಿ ಅವನು ಚಳ್ಳಕೆರೆಗೆ ಬಂದ. ಅಲ್ಲಿಯ ಸರ್ಕಾರಿ ಯಂತ್ರ ಐವತ್ತಮೂರು ಎಂದಿತು.

“ಕುರಿ ಕೊಳ್ಳೋನ ತಕ್ಕಡಿ ಎರಡು ಕೇಜಿ ಕಡಿಮೇನೇ ತೋರಿಸೋದು. ಹುಟ್ಟಿದಾಗಿಂದ ಕುರಿ ಮಾರೋರು ನಾವು. ಅಷ್ಟೂ ಹೊಳೀಲಿಲ್ಲ ನಂಗೆ,” ಎಂದ ಕ್ಯಾತಪ್ಪ. “ಹನ್ನೆರಡು ಗಂಟೆ ಒಳಗೆ ಇಳಿಸ್ಕೊಂಡು ಬಾ, ಇಲ್ಲಾಂದ್ರೆ ಮನೆಗೆ ಹೋಗು ಅಂದ್ರು. ಏಪ್ರಿಲ್ ಬಿಸಿಲು. ಎರಡು ಕಂಬಳಿ ಹೊದ್ಕೊಂಡು ಗ್ರೌಂಡ್ ಸುತ್ತ ಓಡಿದೆ. ಬೆವರು ಸುರಿದು ಸುರಿದು ಎರಡು ಕೇಜಿ ಇಳೀತು. ಜೊತೆಗೆ ಜೀವವೂ ಅರ್ಧ ಇಳೀತು. ಮೂರು ಗಂಟೆಗೆ ಫೈನಲ್ಲು.”

“ನಮ್ಮಪ್ಪಂಗೆ ಇದು ಗೊತ್ತಿತ್ತಾ?”

“ಬೇವಿನ ನೆರಳಲ್ಲಿ ಕೂತು ನೋಡ್ತಿದ್ದ. ಮಾತಾಡಲಿಲ್ಲ. ಎರಡನೇ ರೌಂಡಲ್ಲಿ ನಾನು ಕೈ ಮೇಲಕ್ಕೆತ್ತಕ್ಕೂ ಆಗ್ದೆ ಹಗ್ಗ ಹಿಡ್ಕೊಂಡು ನಿಂತಿದ್ದೆ. ಅವನು ಹೊಡೀತಾನೇ ಇದ್ದ. ರೆಫ್ರಿ ಬಂದು ನಿಲ್ಲಿಸಬೇಕಾತು.”

ಅವನು ಎಡಗಿವಿಯನ್ನು ಮುಟ್ಟಿಕೊಳ್ಳಲಿಲ್ಲ, ಆ ಬಗ್ಗೆ ಏನನ್ನೂ ಹೇಳಲಿಲ್ಲ. ಆದರೂ ಗಂಗಲಕ್ಷ್ಮಿಗೆ ಗೊತ್ತಾಯಿತು. ಕುಡಿಸಿರಲಿಲ್ಲ ಎಂದು ಸಮಾಧಾನಪಡಬೇಕೋ, ಇದಕ್ಕೆ ಅಳಬೇಕೋ ತಿಳಿಯಲಿಲ್ಲ.

“ನಾಳೆ ಇದನ್ನೆಲ್ಲ ಹೇಳ್ತೀರಾ?”

“ನಾನ್ಯಾಕೆ ಹೇಳಲಿ? ಟೀಚರ್ ಅಷ್ಟು ಸಲ ಫೋನ್ ಮಾಡಿದ್ರು, ಬರ್ತೀನಿ ಅಂದೆ. ಬರ್ತೀನಿ, ಕೂತ್ಕೊಂತೀನಿ, ಟೀ ಕುಡಿದು ಹೋಗ್ತೀನಿ.” ಅವನು ಕಿಟಕಿಯಾಚೆ ರಸ್ತೆ ನೋಡುತ್ತ, “ಇಪ್ಪತ್ತೆರಡು ವರ್ಷ ಆತು. ಇದೇ ರೋಡಲ್ಲಿ ಓಡಾಡ್ತೀನಿ. ನಿಮ್ಮಪ್ಪ ಒಂದು ಸಲನೂ ನನ್ನ ಮಾತಾಡಿಸಿಲ್ಲ,” ಎಂದ.

ಡ್ರೈವರ್ ಬಂದು ಹಾರ್ನ್ ಹೊಡೆದ. ಬರಬೇಡಿ ಎಂದು ಹೇಳಲು ಬಂದವಳು ಅದನ್ನು ಹೇಳದೆಯೇ ಇಳಿದಳು.

ಶನಿವಾರ ಬೆಳಿಗ್ಗೆ ಗಂಗಲಕ್ಷ್ಮಿ ದುರುಗೇಶನನ್ನು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು. ತಕ್ಕಡಿಯ ಕತೆಗೆ ಅವನು ನಕ್ಕ. ಕಂಬಳಿಯ ಕತೆ ಬಂದಾಗ ನಗು ನಿಂತಿತು. ಕಿವಿಯ ವಿಷಯ ಬಂದಾಗ ನೆಲ ನೋಡತೊಡಗಿದ.

“ನಾನು ಕೇಳಲ್ಲ ಬಿಡು,” ಎಂದ ಕೊನೆಗೆ. “ಸುಮ್ನೆ ಜಗಳಕ್ಕೆ ಅಂದಿದ್ದೆ ಕಣೇ. ಹಿಂಗೆಲ್ಲ ಐತೆ ಅಂತ ನಂಗೇನು ಗೊತ್ತು?”

ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಬೇಕಿತ್ತು. ಅರ್ಧ ಇಳಿಯಿತು.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಅಪ್ಪನಿಗೆ ಶಾಲು ಹೊದಿಸಿ, ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿನವರೆಗೂ ಇಳಿಯಿತು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅಪ್ಪ ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದ. ವೇದಿಕೆಯ ಎಡತುದಿಯ ಕುರ್ಚಿಯಲ್ಲಿ ಕ್ಯಾತಪ್ಪ, ತೊಡೆಯ ಮೇಲೆ ಕಂಡಕ್ಟರ್ ಬ್ಯಾಗು ಇಟ್ಟುಕೊಂಡು ಕೂತಿದ್ದ. ಅಪ್ಪ ಒಮ್ಮೆಯೂ ಆ ಕಡೆ ತಿರುಗಲಿಲ್ಲ. ಇಬ್ಬರ ನಡುವೆ ನಾಲ್ಕು ಕುರ್ಚಿ ಇದ್ದವು.

ಮಕ್ಕಳ ಪ್ರಶ್ನೆಗಳು ಶುರುವಾದವು. ದಿನಕ್ಕೆ ಎಷ್ಟು ಮೊಟ್ಟೆ ತಿಂತಿದ್ರಿ? ಮೂಗಿಗೆ ಹೊಡೆದರೆ ರಕ್ತ ಬರುತ್ತಾ? ಗ್ಲೌಸ್ ಒಳಗೆ ಕಲ್ಲು ಇಟ್ಕೊಬಹುದಾ? ಅಪ್ಪ ಚುಟುಕಾಗಿ ಉತ್ತರ ಹೇಳಿದ, ಎಲ್ಲರೂ ನಕ್ಕರು. ದುರುಗೇಶ ಮಾತಿಗೆ ತಪ್ಪಲಿಲ್ಲ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

“ಇನ್ನು ಯಾರಾದರೂ ಕೇಳುವವರಿದ್ದೀರಾ?” ಎಂದರು ಶಾಂತಕುಮಾರಿ ಮಿಸ್. “ಇಲ್ಲವಾ? ಹಾಗಾದರೆ ವಂದನಾರ್ಪಣೆ.”

ಮುಗಿಯಿತು. ಯಾರೂ ಕೇಳಲಿಲ್ಲ. ಅಪ್ಪ ಬಚಾವಾದ. ಗಂಗಲಕ್ಷ್ಮಿ ಉಸಿರು ಬಿಟ್ಟು ಅಪ್ಪನ ಮುಖ ನೋಡಿದಳು. ಅಲ್ಲಿ ಸಂತೋಷವಿರಲಿಲ್ಲ. ಮುದ್ದೆ ಬಿಟ್ಟು ಎದ್ದ ದಿನದ ಮುಖವೇ ಪೇಟದ ಕೆಳಗೆ ಕೂತಿತ್ತು. ಆ ತುದಿಯಲ್ಲಿ ಕ್ಯಾತಪ್ಪ ಕೈಗಡಿಯಾರ ನೋಡಿಕೊಂಡು ಬ್ಯಾಗನ್ನು ಹೆಗಲಿಗೆ ಹಾಕುತ್ತಿದ್ದ. ಈಗ ಅವನು ಎದ್ದು ಹೋಗುತ್ತಾನೆ. ಮತ್ತೆ ಅದೇ ರೋಡು, ಅದೇ ಬಸ್ಸು. ಗಂಗಲಕ್ಷ್ಮಿಗೆ ಮತ್ತೆ ಭಯವಾಯಿತು. ಮೂರು ದಿನದಿಂದ ಇದ್ದ ಭಯಕ್ಕಿಂತ ಇದು ದೊಡ್ಡದಾಗಿತ್ತು.

ಅವಳು ಎದ್ದು ನಿಂತಳು. ಪಾಲಮ್ಮ ಲಂಗ ಹಿಡಿದು ಎಳೆದಳು. ದುರುಗೇಶ ಬಾಯಿ ಬಿಟ್ಟುಕೊಂಡು ನೋಡಿದ.

“ಮಿಸ್, ಒಂದು ಪ್ರಶ್ನೆ,” ಎಂದಳು. “ಅಪ್ಪ, ನೀನು ಗೆದ್ದಿದ್ದು ಒಂಬತ್ತು ಜನದ ಮೇಲೆ. ಅದ್ರಲ್ಲಿ ಎಲ್ಲಾರಿಗಿಂತ ಚೆನ್ನಾಗಿ ಆಡ್ತಿದ್ದೋರು ಯಾರು?”

ಅಪ್ಪ ಮೈಕು ಹಿಡಿದುಕೊಂಡು ಅವಳನ್ನೇ ನೋಡಿದ. ಟಗರಿನ ಕೊಂಬು ಹಿಡಿಯುವ ಆ ಕೈ ಮೈಕನ್ನು ಎರಡು ಸಲ ಬಾಯಿಯ ಹತ್ತಿರ ತಂದು ಮತ್ತೆ ಇಳಿಸಿತು.

“ಕ್ಯಾತಪ್ಪ,” ಎಂದ ಅಪ್ಪ. ಪೇಟ ತೆಗೆದು ಟೇಬಲ್ ಮೇಲಿಟ್ಟ. “ಇಲ್ಲೇ ಕೂತವ್ನೆ. ಅವನನ್ನ ಕಂಡ್ರೆ ನಂಗೆ ಭಯ. ಫೈನಲ್ ಹಿಂದಿನ ದಿನ ನಾನು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಅವನು ಕಂಬಳಿ ಹೊದ್ದು ಬಿಸಿಲಲ್ಲಿ ಓಡೋದು ಕಂಡೆ. ತೂಕ ಇಳಿಸಕ್ಕೆ ಸಾಯ್ತಿದ್ದ. ನಂಗೆ ಪಾಪ ಅನ್ನಿಸಲಿಲ್ಲ. ಖುಷಿ ಆತು.”

ಅಪ್ಪ ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

“ರಿಂಗಲ್ಲಿ ಅವನಿಗೆ ಕೈ ಎತ್ತಕ್ಕೆ ಆಗ್ತಿರಲಿಲ್ಲ. ಒಂದು ಹೊಡೆತನೇ ಸಾಕಿತ್ತು. ನಾನು ನಿಲ್ಲಿಸಲಿಲ್ಲ. ಎಲ್ಲಿ ಎದ್ದು ಬರ್ತಾನೋ ಅಂತ ಹೊಡೆದೆ. ಅವತ್ತಿಂದ ಅವನಿಗೆ ಎಡಗಿವಿ ಕೇಳಲ್ಲ ಅಂತ ಯಾರೋ ಹೇಳಿದ್ರು. ಗೊತ್ತಿದ್ದೂ ಹೋಗಿ ಮಾತಾಡಿಸಲಿಲ್ಲ. ಏನಂತ ಮಾತಾಡಿಸಲಿ?” ಅಪ್ಪ ಈಗ ತಿರುಗಿ ನಾಲ್ಕು ಕುರ್ಚಿಯಾಚೆ ನೋಡಿದ. “ತಪ್ಪಾತು ಕಣಲೇ ಕ್ಯಾತ.”

ಕ್ಯಾತಪ್ಪ ಬ್ಯಾಗಿನ ಪಟ್ಟಿಯನ್ನೇ ತಿರುವುತ್ತ ಕೂತಿದ್ದ. ಎದ್ದು ಬಂದು ತಬ್ಬಿಕೊಳ್ಳಲಿಲ್ಲ, ಕಣ್ಣೀರೂ ಹಾಕಲಿಲ್ಲ.

“ಇದನ್ನ ಅವತ್ತೇ ಹೇಳಿದ್ರೆ ಆಗ್ತಿತ್ತು ಕಣಲೇ,” ಎಂದ. ಅಷ್ಟೇ. ಆಮೇಲೆ ಮಿಸ್ ಕಡೆ ತಿರುಗಿ, “ಬಸ್ಸಿನ ಟೈಮ್ ಆತು ಮೇಡಂ, ಹೋಗ್ತೀನಿ,” ಎಂದು ಮೆಟ್ಟಿಲು ಇಳಿದ. ಅಪ್ಪನೂ ಶಾಲು ಹೊದ್ದುಕೊಂಡೇ ಅವನ ಹಿಂದೆ ಹೋದ.

ಮಕ್ಕಳು ಕಾಂಪೌಂಡಿನ ಮೇಲೆ ಸಾಲಾಗಿ ಹತ್ತಿ ನೋಡಿದರು. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಬಸ್ಸಿನ ಪಕ್ಕ ನಿಂತಿದ್ದರು. ಅಪ್ಪ ಏನೋ ಹೇಳುತ್ತಿದ್ದ, ಕ್ಯಾತಪ್ಪ ನೆಲ ನೋಡಿಕೊಂಡು ಕೇಳುತ್ತಿದ್ದ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದರೂ ಮಾತು ಮುಗಿಯಲಿಲ್ಲ.

“ಹಂಗಾದ್ರೆ ಲೆಕ್ಕ ಎಂಟೇ,” ಎಂದಿತು ಕಾಂಪೌಂಡಿನ ಮೇಲಿದ್ದ ಒಂದು ದನಿ.

“ಯಾಕೆ ಎಂಟು? ರೆಫ್ರಿ ಕೈ ಎತ್ತಿದ ಮೇಲೆ ಒಂಬತ್ತೇ. ತೂಕ ಜಾಸ್ತಿ ಆಗಿದ್ದು ಅವರ ತಪ್ಪಲ್ವಾ?”

“ಎಲ್ಲಾರ ಮುಂದೆ ಹಿಂಗೆ ಹೇಳಕ್ಕೆ ಎಷ್ಟು ಧೈರ್ಯ ಬೇಕು ಗೊತ್ತಾ? ಅದನ್ನೂ ಸೇರಿಸಿದ್ರೆ ಹತ್ತು,” ಎಂದಳು ಪಾಲಮ್ಮ.

“ಅದು ಬಾಕ್ಸಿಂಗ್‌ಗೆ ಬರಲ್ಲ ಕಣೇ.”

ದುರುಗೇಶ, “ನೀನು ಹೇಳೇ ಗಂಗಿ, ನಿಮ್ಮಪ್ಪಂದು ಎಂಟಾ, ಒಂಬತ್ತಾ?” ಎಂದು ಕೇಳಿದ. ಈ ಸಲ ಅವನ ದನಿಯಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ಅವಳು, “ನಂಗೂ ಗೊತ್ತಿಲ್ಲ ಕಣೋ,” ಎಂದು ಕಾಂಪೌಂಡಿನಿಂದ ಕೆಳಗೆ ಜಿಗಿದಳು.

ಅಪ್ಪ ಬಂದ ಮೇಲೆ ಇಬ್ಬರೂ ಮನೆಯ ದಾರಿ ಹಿಡಿದರು. ಬಿಸಿಲು ಏರಿತ್ತು. ಅಪ್ಪ ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಬೈಯುತ್ತಾನೇನೋ ಎಂದು ಗಂಗಲಕ್ಷ್ಮಿ ಎರಡು ಹೆಜ್ಜೆ ಹಿಂದೆಯೇ ನಡೆದಳು.

“ಯಾಕವ್ವ ಕೇಳ್ದೆ ಅದನ್ನ?” ಎಂದ ಅಪ್ಪ, ಹಿಂದಕ್ಕೆ ತಿರುಗದೆ.

“ಭಯ ಆತು ಅಪ್ಪ.”

“ಭಯ ಆದೋರು ಕೇಳ್ತಾರಾ?”

“ಮೊದ್ಲು ಯಾರಾದ್ರೂ ಕೇಳ್ಬಿಡ್ತಾರೆ ಅಂತ ಭಯ ಇತ್ತು,” ಎಂದಳು ಗಂಗಲಕ್ಷ್ಮಿ. “ಆಮೇಲೆ, ಯಾರೂ ಕೇಳ್ದೇ ಹೋಗ್ಬಿಡ್ತಾರೆ ಅಂತ ಆತು.”

ಅಪ್ಪ ನಿಂತ. ಅವಳು ಹತ್ತಿರ ಬರುವವರೆಗೂ ಕಾದು, ಅವಳ ಜೊತೆ ಹೆಜ್ಜೆ ಹಾಕತೊಡಗಿದ.

“ನಂಗೂ,” ಎಂದ.